ಬಾಖ್‌ನ ಬಿ ಮೈನರ್ ನೃತ್ಯಮಾಲೆ: ಭಾವ ಬರುವುದು ಕೀಯಿಂದಲೋ, ವೇಗದಿಂದಲೋ?

ಮಂದ್ರ

ಜರ್ಮನ್ ಸಂಗೀತ ರಚನಕಾರ ಬಾಖ್‌ನ ಎರಡನೆಯ ಆರ್ಕೆಸ್ಟ್ರಾ ನೃತ್ಯಮಾಲೆಯನ್ನು (ಅವನ ಕೃತಿಪಟ್ಟಿಯಲ್ಲಿ ಬಿಡಬ್ಲ್ಯುವಿ 1067) ಇಲ್ಲಿ ಹಲವರು ಕೇಳಿರುತ್ತೀರಿ. ಪೂರ್ತಿ ಕೇಳದವರಿಗೂ ಅದರ ಕೊನೆಯ ತುಣುಕು ಬಾದಿನರಿ ಗೊತ್ತು. ಒಂದು ಕಾಲದಲ್ಲಿ ಮೊಬೈಲ್ ರಿಂಗ್‌ಟೋನ್ ಆಗಿ ಎಲ್ಲೆಡೆ ಮೊಳಗಿದ ಕೊಳಲಿನ ಓಟ ಅದೇ.

ಅದರ ಎರಡು ಧ್ವನಿಮುದ್ರಣಗಳನ್ನು ಸಂಗೀತ ವಿಶ್ಲೇಷಿಸುವ ಒಂದು ಆ್ಯಪ್‌ಗೆ ಕೊಟ್ಟು ನೋಡಿದೆ. ಮೊದಲನೆಯದಕ್ಕೆ ಬಂದ ಉತ್ತರ: ಕೀ (ಆಧಾರಸ್ವರ ಮತ್ತು ಅದರ ಸ್ವರಶ್ರೇಣಿ) ಬಿ ಮೈನರ್, ಟೆಂಪೊ (ನಿಮಿಷಕ್ಕೆ ಎಷ್ಟು ಮಾತ್ರೆ) 118, ಭಾವ ಉಲ್ಲಾಸ. ಎರಡನೆಯದಕ್ಕೆ: ಕೀ ಬಿ ಫ್ಲಾಟ್ ಮೈನರ್, ಟೆಂಪೊ 62, ಭಾವ ವಿಷಾದ. ಕಿವಿಗೆ ಕೇಳುವುದು ಇದಕ್ಕೆ ತದ್ವಿರುದ್ಧ. ಎರಡನೆಯದೇ ಹೆಚ್ಚು ಚುರುಕು, ಹೆಚ್ಚು ಹಗುರ.

ಆ್ಯಪ್ ಎಡವಿದ್ದು ಹೇಗೆ ಎಂಬುದು ಚಿಕ್ಕ ಪ್ರಶ್ನೆ. ದೊಡ್ಡ ಪ್ರಶ್ನೆ ಬೇರೆ ಇದೆ. ಈ ಕೃತಿಯಲ್ಲಿ ಊವರ್ತ್ಯೂರ್, ರಾಂಡೊ, ಸಾರಬಾಂಡ್, ಬೂರೇ ಜೋಡಿ, ಪೊಲೊನೇಸ್, ಮಿನ್ಯುಯೆಟ್, ಬಾದಿನರಿ ಎಂದು ಏಳು ಭಾಗಗಳಿವೆ. ಏಳೂ ಬಿ ಮೈನರ್‌ನಲ್ಲೇ ಇವೆ. ಮೈನರ್ ಎಂದರೆ ದುಃಖ ಎಂದು ಎಲ್ಲ ಪಾಠಪುಸ್ತಕಗಳೂ ಹೇಳುತ್ತವೆ. ಹಾಗಿದ್ದರೆ ಅದೇ ಕೀ ಸಾರಬಾಂಡ್‌ನಲ್ಲಿ ಎದೆ ಭಾರ ಮಾಡಿ, ಬಾದಿನರಿಯಲ್ಲಿ ಕಾಲು ಕುಣಿಸುವುದು ಹೇಗೆ? ವೇಗ ಒಂದೇ ಕಾರಣವೇ?

ಗಣಿತದ ಮೇಷ್ಟ್ರು

ಚಿಕ್ಕ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ.

ನಿಮ್ಮ ಎರಡನೆಯ ಧ್ವನಿಮುದ್ರಣ ಹಳೆಯ ಮಾದರಿಯ ವಾದ್ಯಗಳದ್ದು ಇರಬೇಕು. ಬರೋಕ್ ಸಂಗೀತವನ್ನು (ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತ) ಆ ಕಾಲದ ವಾದ್ಯಗಳಲ್ಲಿ ನುಡಿಸುವ ತಂಡಗಳು ‘ಎ’ ಸ್ವರವನ್ನು ಸಾಮಾನ್ಯವಾಗಿ 415 ಹರ್ಟ್ಸ್‌ಗೆ ಇಟ್ಟುಕೊಳ್ಳುತ್ತವೆ. ಇಂದಿನ ವಾಡಿಕೆ 440. ನಡುವಿನ ಅಂತರ ಸರಿಸುಮಾರು ಅರ್ಧ ಸ್ವರ. ಸ್ವರಲಿಪಿಯಲ್ಲಿ ಬಿ ಮೈನರ್ ಎಂದಿದ್ದದ್ದು 440ಕ್ಕೆ ಹೊಂದಿಸಿದ ಯಂತ್ರಕ್ಕೆ ಬಿ ಫ್ಲಾಟ್ ಮೈನರ್ ಆಗಿ ಕೇಳಿಸಿದೆ. ಫ್ರೆಂಚ್ ಸಂಗೀತಕ್ಕೆ 392 ಹರ್ಟ್ಸ್ ಬಳಸುವ ತಂಡಗಳಿವೆ. ಅವರು ನುಡಿಸಿದರೆ ಅದೇ ಯಂತ್ರ ಎ ಮೈನರ್ ಎನ್ನುತ್ತದೆ.

ಟೆಂಪೊ ವಿಷಯವೂ ಇಷ್ಟೇ ಸರಳ. ಒಂದು ಮಾತ್ರೆ ಎಂದು ಯಾವುದನ್ನು ಎಣಿಸಬೇಕು ಎಂಬಲ್ಲಿ ಇಂಥ ಆ್ಯಪ್‌ಗಳು ಆಗಾಗ ಎಡವಿ ಅರ್ಧ ಅಥವಾ ಇಮ್ಮಡಿ ಸಂಖ್ಯೆ ಕೊಡುತ್ತವೆ. 62 ಎಂದರೆ ನಿಜದಲ್ಲಿ 124. ನೀವೇ ಪರೀಕ್ಷಿಸಬಹುದು. ಬಾದಿನರಿ 2/4ರಲ್ಲಿ ಇದೆ (ಆವರ್ತಕ್ಕೆ ಎರಡು ಮಾತ್ರೆ), ಮೊದಲ ಭಾಗ 16 ಆವರ್ತ, ಎರಡನೆಯದು 24. ಎರಡನ್ನೂ ಮರುಕಳಿಸಿದರೆ 80 ಆವರ್ತ, ಅಂದರೆ 160 ಮಾತ್ರೆ. ಮುದ್ರಣದ ಒಟ್ಟು ಅವಧಿ 80 ಸೆಕೆಂಡ್ ಇದ್ದರೆ ನಿಮಿಷಕ್ಕೆ 120 ಮಾತ್ರೆ. 90 ಸೆಕೆಂಡ್ ಇದ್ದರೆ ಸುಮಾರು 107. ಆ್ಯಪ್ ಬೇಕಿಲ್ಲ, ಗಡಿಯಾರ ಸಾಕು.

ಇನ್ನು ‘ವಿಷಾದ’ ಎಂಬ ತೀರ್ಪು ಬಂದ ದಾರಿಯನ್ನು ಊಹಿಸಬಹುದು: ಮೈನರ್ ಕೀ, ನಿಧಾನದ ಸಂಖ್ಯೆ. ಎರಡು ತಪ್ಪು ಓದುಗಳಲ್ಲಿ ಒಂದು ಸೇರಿದರೂ ಸಾಕು, ಭಾವ ತಲೆಕೆಳಗಾಗುತ್ತದೆ.

ಕಚೇರಿ ಕೇಳುಗ

ಕರ್ನಾಟಕ ಸಂಗೀತ ಕೇಳಿ ಬೆಳೆದವನಾಗಿ ಒಂದು ಮೂಲಭೂತ ಆಕ್ಷೇಪವಿದೆ. ಗಂಡುದನಿ ಒಂದು ಕಟ್ಟೆ ಶ್ರುತಿಯಲ್ಲಿ ಹಾಡಲಿ, ಹೆಣ್ಣುದನಿ ಐದು ಕಟ್ಟೆಯಲ್ಲಿ ಹಾಡಲಿ, ಕೀರವಾಣಿ ಕೀರವಾಣಿಯೇ. ಷಡ್ಜ ಎಲ್ಲಿದೆ ಎಂಬುದು ಹಾಡುವವರ ಕಂಠಕ್ಕೆ ಬಿಟ್ಟದ್ದು. ಭಾವ ಇರುವುದು ಸ್ವರಗಳ ನಡುವಿನ ಅಂತರದಲ್ಲಿ, ಸಂಚಾರದಲ್ಲಿ, ಗಮಕದಲ್ಲಿ. ಹೀಗಿರುವಾಗ ‘ಬಿ ಮೈನರ್‌ಗೆ ಒಂದು ಸ್ವಭಾವ, ಎ ಮೈನರ್‌ಗೆ ಇನ್ನೊಂದು’ ಎಂಬ ಯುರೋಪಿನವರ ಮಾತನ್ನು ಒಪ್ಪುವುದು ನನಗೆ ಕಷ್ಟ. ಮೈನರ್, ಮೇಜರ್ ಎಂಬ ಭೇದ ಅರ್ಥವಾಗುತ್ತದೆ. ಅದು ಕೀರವಾಣಿಗೂ ಶಂಕರಾಭರಣಕ್ಕೂ ಇರುವ ಭೇದದಂಥದ್ದು. ಆದರೆ ಒಂದೇ ಮೈನರನ್ನು ಅರ್ಧ ಸ್ವರ ಮೇಲೆ ಕೆಳಗೆ ಮಾಡಿದರೆ ಭಾವ ಏಕೆ ಬದಲಾಗಬೇಕು?

ಹಳೆಯ ರೆಕಾರ್ಡು

ಬದಲಾಗುತ್ತದೆ ಎಂದು ಆ ಕಾಲದವರೇ ಬರೆದಿಟ್ಟಿದ್ದಾರೆ. ಫ್ರಾನ್ಸ್‌ನ ರಚನಕಾರ ಮಾರ್ಕ್ ಆಂಟ್ವಾನ್ ಶಾರ್ಪಾಂತಿಯೇ 1690ರ ಸುಮಾರಿಗೆ ಕೀಗಳ ಗುಣಗಳನ್ನು ಪಟ್ಟಿ ಮಾಡಿದ. ಬಿ ಮೈನರ್ ಅವನಿಗೆ ಏಕಾಂತದ, ವಿಷಾದದ ಕೀ. ಡಿ ಮೇಜರ್ ಸಂತೋಷದ, ಯುದ್ಧೋತ್ಸಾಹದ ಕೀ. ಹ್ಯಾಂಬರ್ಗ್‌ನ ಸಂಗೀತ ಲೇಖಕ ಯೊಹಾನ್ ಮಾಟೆಸನ್ 1713ರಲ್ಲಿ ಬಿ ಮೈನರನ್ನು ವಿಚಿತ್ರ, ನಿರುತ್ಸಾಹದ, ಮಂಕು ಕವಿದ ಕೀ ಎಂದು ವಿವರಿಸಿದ. ಇಬ್ಬರೂ ಬಾಖ್‌ನ ಕಾಲಮಾನದವರು. ಈ ಕೃತಿಯ ಊವರ್ತ್ಯೂರ್ ಕೇಳಿ, ಅವರ ಮಾತು ಅಕ್ಷರಶಃ ನಿಜ ಎನಿಸುತ್ತದೆ.

ಅದಕ್ಕೇ ಕಾರ್ಲ್ ರಿಕ್ಟರ್ ತನ್ನ ಮ್ಯೂನಿಕ್ ಬಾಖ್ ಆರ್ಕೆಸ್ಟ್ರಾ ಜೊತೆ ಮಾಡಿದ ಧ್ವನಿಮುದ್ರಣವನ್ನು ಇಂದಿಗೂ ಬಿಡಲು ನನ್ನಿಂದ ಆಗುವುದಿಲ್ಲ. ಓರೆಲ್ ನಿಕೊಲೆ ಅವರ ಕೊಳಲು, ಆಧುನಿಕ ವಾದ್ಯಗಳು, 1960ರ ಆಸುಪಾಸಿನ ಮುದ್ರಣ. ಅದಕ್ಕೂ ಹಿಂದಿನ ಓಟೊ ಕ್ಲೆಂಪರರ್ ಮುದ್ರಣವೂ ನನಗೆ ಪ್ರಿಯ. ತಂತಿವಾದ್ಯಗಳ ದೊಡ್ಡ ಪಡೆ, ತೂಕದ ನಡೆ. ಬಿ ಮೈನರ್‌ನ ಗಾಂಭೀರ್ಯಕ್ಕೆ ಆ ತೂಕ ಬೇಕು. 1980ರ ದಶಕದಲ್ಲಿ ರೈನ್‌ಹಾರ್ಡ್ ಗೋಬೆಲ್ ಅವರ ಮ್ಯೂಸಿಕಾ ಆಂಟಿಕ್ವಾ ಕ್ಯೋಲ್ನ್ ತಂಡ ನುಡಿಸಿದ ವೇಗದಲ್ಲಿ ಉಸಿರಿಗೆ ಜಾಗವೇ ಇಲ್ಲ ಎಂದು ನನಗೆ ಅನ್ನಿಸುತ್ತದೆ.

ಒಂಟಿಕೀಲಿ ಕೊಳಲು

ನಾನು ನುಡಿಸುವುದು ಬರೋಕ್ ಅಡ್ಡಕೊಳಲು. ಕಟ್ಟಿಗೆಯದು, ಆರು ರಂಧ್ರ, ಒಂದೇ ಒಂದು ಲೋಹದ ಕೀಲಿ. ಕಚೇರಿ ಕೇಳುಗರ ಆಕ್ಷೇಪಕ್ಕೆ ನನ್ನ ವಾದ್ಯದಲ್ಲೇ ಉತ್ತರವಿದೆ, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ನಮ್ಮ ಕರ್ನಾಟಕ ಸಂಗೀತದ ಕೊಳಲು ವಾದಕರ ಬಳಿ ಬೇರೆ ಬೇರೆ ಶ್ರುತಿಯ ಕೊಳಲುಗಳ ಕಟ್ಟೇ ಇರುತ್ತದೆ. ಶ್ರುತಿ ಬದಲಾದರೆ ಕೊಳಲು ಬದಲಾಗುತ್ತದೆ, ಬೆರಳುಗಾರಿಕೆ ಬದಲಾಗುವುದಿಲ್ಲ. ಷಡ್ಜಕ್ಕೆ ಮುಚ್ಚುವ ರಂಧ್ರಗಳು ಎಲ್ಲ ಕೊಳಲಲ್ಲೂ ಅವೇ. ಆದ್ದರಿಂದ ಕೀರವಾಣಿಯ ಪ್ರತಿ ಸ್ವರದ ನಾದವೂ ಹಾಗೇ ಉಳಿಯುತ್ತದೆ. ಬರೋಕ್ ವಾದಕನ ಕೈಯಲ್ಲಿ ಇರುವುದು ಒಂದೇ ಕೊಳಲು, ಅದು ಡಿ ಸ್ವರಕ್ಕೆ ಕೊರೆದದ್ದು. ಕೀ ಬದಲಾದಾಗ ಅವನು ಅದೇ ಕೊಳಲಲ್ಲಿ ಬೇರೆ ಬೆರಳು ಹಿಡಿಯುತ್ತಾನೆ.

ಬೆರಳುಗಳನ್ನು ಕೆಳಗಿನಿಂದ ಒಂದೊಂದಾಗಿ ಎತ್ತುತ್ತ ಹೋದರೆ ಡಿ ಮೇಜರ್‌ನ ಸ್ವರಗಳು ಬರುತ್ತವೆ: ಡಿ, ಇ, ಎಫ್ ಶಾರ್ಪ್, ಜಿ, ಎ, ಬಿ, ಸಿ ಶಾರ್ಪ್. ಇವು ತೆರೆದ ನಾದದವು, ಎದ್ದು ಕೇಳುತ್ತವೆ. ಉಳಿದವುಗಳಲ್ಲಿ ಎಫ್, ಜಿ ಶಾರ್ಪ್, ಬಿ ಫ್ಲಾಟ್, ಸಿ ಇಂಥವಕ್ಕೆ ಒಂದು ರಂಧ್ರ ತೆರೆದು ಅದರ ಕೆಳಗಿನವನ್ನು ಮುಚ್ಚುವ ಕವಲು ಬೆರಳು ಬೇಕು. ಆ ಸ್ವರಗಳು ಮುಸುಕು ಹೊದ್ದಂತೆ ಮೆತ್ತಗೆ ಬರುತ್ತವೆ. ಎಷ್ಟು ಊದಿದರೂ ಆ ಮುಸುಕು ಪೂರ್ತಿ ಸರಿಯುವುದಿಲ್ಲ.

ಈಗ ಬಿ ಮೈನರ್‌ಗೆ ಬನ್ನಿ. ಅದರ ಸ್ವರಗಳು ಬಹುಪಾಲು ಡಿ ಮೇಜರ್‌ನವೇ: ಬಿ, ಸಿ ಶಾರ್ಪ್, ಡಿ, ಇ, ಎಫ್ ಶಾರ್ಪ್, ಜಿ. ಅಂದರೆ ಕೊಳಲಿನ ಅತ್ಯಂತ ಪ್ರಕಾಶಮಾನ ಸ್ವರಗಳು. ಮುಸುಕಿನದ್ದು ಮುಖ್ಯವಾಗಿ ಎ ಶಾರ್ಪ್, ನಮ್ಮ ಭಾಷೆಯಲ್ಲಿ ಕಾಕಲಿ ನಿಷಾದ. ಪ್ರತಿ ಬಾರಿ ಅದು ಬಿ ಕಡೆಗೆ ಏರುವಾಗ ಮಬ್ಬಿನಿಂದ ಬೆಳಕಿಗೆ ಬಂದ ಅನುಭವವಾಗುತ್ತದೆ. ಬಾದಿನರಿಯ ಮೊದಲ ಸಾಲನ್ನೇ ನೋಡಿ: ಬಿ, ಡಿ-ಬಿ, ಎಫ್ ಶಾರ್ಪ್, ಬಿ-ಎಫ್ ಶಾರ್ಪ್, ಡಿ, ಎಫ್ ಶಾರ್ಪ್-ಡಿ, ಬಿ. ಮೂರೇ ಸ್ವರಗಳ ಇಳಿಜಾರು, ಮೂರೂ ತೆರೆದ ನಾದದವು. ಒಂದು ಉದ್ದ, ಎರಡು ಚುಟುಕು, ಒಂದು ಉದ್ದ, ಎರಡು ಚುಟುಕು. ಶಾರ್ಪಾಂತಿಯೇ ಹೇಳಿದ ವಿಷಾದ ಈ ಸಾಲಿನಲ್ಲಿ ಕೊಳಲಿಗೆ ಸಿಗುವುದೇ ಇಲ್ಲ. ಇದನ್ನೇ ಒಂದು ಸ್ವರ ಕೆಳಗಿಳಿಸಿ ಎ ಮೈನರ್‌ನಲ್ಲಿ ನುಡಿಸಿದರೆ ಎ, ಸಿ, ಇ ಆಗುತ್ತದೆ. ನಡುವಿನ ಸಿ ಮುಸುಕಿನದ್ದು, ಆಮೇಲೆ ಬರುವ ಎಫ್, ಜಿ ಶಾರ್ಪ್‌ಗಳೂ ಮುಸುಕಿನವು. ಚಿನಕುರುಳಿ ಮಂಕಾಗುತ್ತದೆ.

ಆದ್ದರಿಂದ ಕೀಗೆ ಸ್ವಭಾವವಿದೆ ಎಂಬ ಮಾತು ಸುಳ್ಳಲ್ಲ. ಆ ಸ್ವಭಾವ ವಾದ್ಯದ ಕಟ್ಟಿಗೆಯಲ್ಲಿ, ರಂಧ್ರಗಳಲ್ಲಿ ಇದೆ. ಇಂದಿನ ಬೆಳ್ಳಿಯ ಕೊಳಲಿನಲ್ಲಿ ಪ್ರತಿ ಅರ್ಧ ಸ್ವರಕ್ಕೂ ಪ್ರತ್ಯೇಕ ರಂಧ್ರ, ಕೀಲಿ ಇರುವುದರಿಂದ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಸಮಾನ. ಅಲ್ಲಿ ಕಚೇರಿ ಕೇಳುಗರ ಮಾತೇ ಸರಿಹೋಗುತ್ತದೆ.

ಕಚೇರಿ ಕೇಳುಗ

ಇದು ನನಗೆ ಹೊಳೆದಿರಲಿಲ್ಲ, ಮನಸ್ಸಿಗೆ ನಾಟಿತು. ಡಿ ಮೇಜರ್‌ನ ‘ಯುದ್ಧೋತ್ಸಾಹ’ವೂ ಹೀಗೆಯೇ ವಾದ್ಯದಿಂದ ಬಂದದ್ದೇ? ಮೂರನೆಯ, ನಾಲ್ಕನೆಯ ನೃತ್ಯಮಾಲೆಗಳು ಡಿ ಮೇಜರ್‌ನಲ್ಲಿ ಇವೆ, ಅವುಗಳಲ್ಲಿ ಕಹಳೆ, ನಗಾರಿ ಇವೆ.

ಒಂಟಿಕೀಲಿ ಕೊಳಲು

ಹೌದು. ಅಂದಿನ ಕಹಳೆಗೆ ಕವಾಟಗಳಿರಲಿಲ್ಲ. ಕೊಳವೆಯ ಉದ್ದ ಯಾವ ಸ್ವರಶ್ರೇಣಿ ಕೊಡುತ್ತದೋ ಅಷ್ಟೇ. ಜರ್ಮನಿಯಲ್ಲಿ ಡಿ ಮತ್ತು ಸಿ ಕಹಳೆಗಳು ಬಳಕೆಯಲ್ಲಿದ್ದವು, ನಗಾರಿಗಳನ್ನೂ ಅದಕ್ಕೆ ಹೊಂದಿಸುತ್ತಿದ್ದರು. ಅರಮನೆ, ಸೈನ್ಯ, ಹಬ್ಬ ಎಲ್ಲೆಲ್ಲಿ ಕಹಳೆಯಿತ್ತೋ ಅಲ್ಲೆಲ್ಲ ಡಿ ಮೇಜರ್ ಇತ್ತು. ಪಿಟೀಲಿನ ಜಿ, ಡಿ, ಎ, ಇ ತಂತಿಗಳೂ ಆ ಕೀಗೆ ತಾವಾಗಿಯೇ ಅನುರಣಿಸುತ್ತವೆ. ಮಾಟೆಸನ್ ಡಿ ಮೇಜರ್ ಯುದ್ಧಕ್ಕೂ ಸಂಭ್ರಮಕ್ಕೂ ತಕ್ಕದ್ದು ಎಂದಾಗ ಅವನ ಕಿವಿಯಲ್ಲಿ ಇದ್ದದ್ದು ಈ ಒಟ್ಟು ಸದ್ದು. ಅವನ ಬಗ್ಗೆ ಇನ್ನೊಂದು ಮಾತನ್ನೂ ಹೇಳಬೇಕು: ಈ ಗುಣಗಳು ಕೇಳುವವರ ಪ್ರಕೃತಿಗೆ ತಕ್ಕಂತೆ ಬೇರೆಯಾಗಬಹುದು ಎಂದು ಅವನೇ ಒಪ್ಪಿಕೊಂಡಿದ್ದಾನೆ.

ಹೆಜ್ಜೆಗುರುತು

ಬರೋಕ್ ನೃತ್ಯ ಕಲಿಯುತ್ತಿರುವವಳು ನಾನು. ಇಲ್ಲಿಯವರೆಗೆ ಎಲ್ಲರೂ ಕೀ ಬಗ್ಗೆ ಮಾತನಾಡಿದಿರಿ, ಇವು ನೃತ್ಯಗಳು ಎಂಬುದೇ ಮರೆತುಹೋದ ಹಾಗಿದೆ.

ಮಾಟೆಸನ್ 1739ರಲ್ಲಿ ಇನ್ನೊಂದು ದೊಡ್ಡ ಗ್ರಂಥ ಪ್ರಕಟಿಸಿದ. ಅದರಲ್ಲಿ ಒಂದೊಂದು ನೃತ್ಯಕ್ಕೂ ಒಂದೊಂದು ಭಾವ ಹೇಳುತ್ತಾನೆ. ಮಿನ್ಯುಯೆಟ್‌ಗೆ ಮಿತವಾದ ಉಲ್ಲಾಸ, ಗವೋಟ್‌ಗೆ ಹರ್ಷೋದ್ಗಾರ, ಬೂರೇಗೆ ಸಂತೃಪ್ತಿ, ಸಾರಬಾಂಡ್‌ಗೆ ಮಹತ್ವಾಕಾಂಕ್ಷೆ. ಈ ಪಟ್ಟಿಯಲ್ಲಿ ಕೀ ಬರುವುದೇ ಇಲ್ಲ. ಹಾಗಾದರೆ ಬಿ ಮೈನರ್‌ನ ಬೂರೇ ಮಂಕೋ, ಸಂತೃಪ್ತವೋ? ಕೃತಿ ಕೇಳಿದರೆ ನೃತ್ಯವೇ ಗೆಲ್ಲುತ್ತದೆ ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ.

ಗೆಲ್ಲುವುದು ವೇಗದಿಂದ ಮಾತ್ರ ಅಲ್ಲ. ಗವೋಟ್ ಮತ್ತು ಬೂರೇ ಎರಡನ್ನೂ ಒಂದೇ ಮೆಟ್ರೊನೋಮ್ (ವೇಗ ಅಳೆಯುವ ಯಂತ್ರ) ಸಂಖ್ಯೆಗೆ ನುಡಿಸಿ ನೋಡಿ. ಗವೋಟ್ ಅರ್ಧ ಆವರ್ತ ಮೊದಲೇ ಶುರುವಾಗುತ್ತದೆ, ಎರಡು ಮಾತ್ರೆಗಳ ಎತ್ತುಗಡೆ. ಬೂರೇ ಒಂದೇ ಮಾತ್ರೆ ಮೊದಲು ಶುರುವಾಗುತ್ತದೆ. ಗವೋಟ್‌ನಲ್ಲಿ ದೇಹ ಎದ್ದು ನಿಂತು, ತೂಗಿ, ಆಮೇಲೆ ನೆಲಕ್ಕೆ ಬರುತ್ತದೆ. ಬೂರೇಯಲ್ಲಿ ಮೊಣಕಾಲು ಬಾಗಿದ್ದೇ ತಡ, ಹೆಜ್ಜೆ ಮುಂದೆ ಬಿದ್ದಿರುತ್ತದೆ. ಈ ಮಾಲೆಯ ರಾಂಡೊ ಗವೋಟ್ ನಡೆಯದ್ದು. ಅದನ್ನೂ ಬೂರೇಯನ್ನೂ ಒಂದರ ಮೇಲೊಂದು ಕೇಳಿ. ಕೀ ಒಂದೇ, ವೇಗ ಹತ್ತಿರ ಹತ್ತಿರ, ಆದರೆ ಮೊದಲನೆಯದು ತಲೆಯೆತ್ತಿ ನಡೆಯುವವರ ಗತ್ತು, ಎರಡನೆಯದು ದಾರಿ ಗೊತ್ತಿರುವವರ ಸಲೀಸು.

ಸಾರಬಾಂಡ್ ಮೂರು ಮಾತ್ರೆಯದು. ಮಿನ್ಯುಯೆಟ್ ಕೂಡ ಮೂರು ಮಾತ್ರೆಯದು. ಸಾರಬಾಂಡ್‌ನಲ್ಲಿ ಎರಡನೆಯ ಮಾತ್ರೆಯ ಮೇಲೆ ಭಾರ ನಿಲ್ಲುತ್ತದೆ, ಕಾಲು ಅಲ್ಲಿ ತಡೆದು ನಿಂತು ಜಾರುತ್ತದೆ. ಮಿನ್ಯುಯೆಟ್ ಹೆಜ್ಜೆ ಎರಡು ಆವರ್ತ ಸೇರಿ ಒಂದು, ಅಂದರೆ ಆರು ಮಾತ್ರೆಗೆ ನಾಲ್ಕು ಅಡಿ. ಮೂರು ಮೂರಾಗಿ ಒತ್ತಿ ನುಡಿಸುವ ಆರ್ಕೆಸ್ಟ್ರಾ ಸಿಕ್ಕಿದರೆ ನಮ್ಮ ಹೆಜ್ಜೆ ನಡುವೆ ಮುರಿದುಹೋಗುತ್ತದೆ, ವೇಗ ಎಷ್ಟೇ ಸರಿಯಿದ್ದರೂ.

ಗಣಿತದ ಮೇಷ್ಟ್ರು

ನೃತ್ಯಗಳ ವೇಗಕ್ಕೆ ಸಂಖ್ಯೆಗಳೂ ಇವೆ. ಯೊಹಾನ್ ಯೋವಾಖಿಮ್ ಕ್ವಾಂಟ್ಸ್ 1752ರಲ್ಲಿ ಬರ್ಲಿನ್‌ನಲ್ಲಿ ಪ್ರಕಟಿಸಿದ ಕೊಳಲು ಗ್ರಂಥದಲ್ಲಿ ನಾಡಿಬಡಿತವನ್ನೇ ಅಳತೆಯಾಗಿ ಇಟ್ಟುಕೊಂಡ. ಮಧ್ಯಾಹ್ನದ ಊಟದ ನಂತರದಿಂದ ಸಂಜೆಯವರೆಗೆ, ಲವಲವಿಕೆಯ ಆರೋಗ್ಯವಂತನ ನಾಡಿ, ನಿಮಿಷಕ್ಕೆ ಸುಮಾರು 80. ಮೇಲ್ಜೆಲ್ ಮೆಟ್ರೊನೋಮ್‌ಗೆ ಪೇಟೆಂಟ್ ಪಡೆದದ್ದು 1815ರಲ್ಲಿ. ಅದಕ್ಕೂ 63 ವರ್ಷ ಹಿಂದೆ ಇಷ್ಟು ಸ್ಪಷ್ಟವಾಗಿ ಬರೆದಿಟ್ಟದ್ದು ದೊಡ್ಡ ಉಪಕಾರ.

ಅವನ ಪ್ರಕಾರ ಸಾರಬಾಂಡ್‌ನ ಪ್ರತಿ ಕಾಲು ಸ್ವರಕ್ಕೆ (ಕ್ವಾರ್ಟರ್ ನೋಟ್; ಇದು ಅವಧಿಯ ಅಳತೆ, ಶ್ರುತಿಯದ್ದಲ್ಲ) ಒಂದು ನಾಡಿ, ಅಂದರೆ 80. ಮಿನ್ಯುಯೆಟ್‌ನಲ್ಲಿ ಎರಡು ಕಾಲು ಸ್ವರಗಳಿಗೆ ಒಂದು ನಾಡಿ, ಅಂದರೆ ಕಾಲು ಸ್ವರ 160. ಬೂರೇಯಲ್ಲಿ ಇಡೀ ಆವರ್ತಕ್ಕೆ ಒಂದು ನಾಡಿ, ಅಂದರೆ ಅರ್ಧ ಆವರ್ತ ಹಿಡಿಯುವ ಸ್ವರ (ಹಾಫ್ ನೋಟ್) 160. ಗವೋಟ್ ಅದಕ್ಕಿಂತ ಕೊಂಚ ಮಿತ. ಇಂದು ಕೇಳಿಬರುವ ಬಹುತೇಕ ಮುದ್ರಣಗಳ ಬೂರೇ ಇದಕ್ಕಿಂತ ಎಷ್ಟೋ ನಿಧಾನ. ಸಾರಬಾಂಡ್ ಅಂತೂ ಇನ್ನೂ ನಿಧಾನ.

ಒಂದು ಸಂಗತಿ ಗಮನಿಸಿ. ಪ್ರತಿ ವೇಗದ ಜೊತೆಗೂ ಅವನು ಪಿಟೀಲಿನ ಬಿಲ್ಲಿನ ಪಾಡನ್ನು ಹೇಳುತ್ತಾನೆ. ಬೂರೇಗೆ ಚಿಕ್ಕ, ಹಗುರ ಎಳೆತ; ಮಿನ್ಯುಯೆಟ್‌ಗೆ ಸ್ವಲ್ಪ ಭಾರದ, ಆದರೆ ಚಿಕ್ಕ ಎಳೆತ; ಗಂಭೀರ ನೃತ್ಯಗಳಿಗೆ ಪ್ರತಿ ಕಾಲು ಸ್ವರಕ್ಕೂ ಬಿಲ್ಲು ಬಿಡಿಸಿ ನುಡಿಸುವುದು. ಸ್ವರ ಎಷ್ಟು ಹೊತ್ತು ಬಾಳುತ್ತದೆ, ಎಷ್ಟು ಹೊತ್ತು ಮೌನ ಎಂಬುದು ವೇಗದಷ್ಟೇ ಮುಖ್ಯ. ಆ್ಯಪ್ ಕೊಟ್ಟ ಮೂರು ಸಾಲುಗಳಲ್ಲಿ ಇದಕ್ಕೆ ಜಾಗವೇ ಇಲ್ಲ.

ಹಳೆಯ ರೆಕಾರ್ಡು

ಕ್ವಾಂಟ್ಸ್‌ನ ಸಂಖ್ಯೆಗಳನ್ನು ಬಾಖ್‌ಗೆ ಹಾಗೇ ತಗುಲಿಸುವುದನ್ನು ನಾನು ಒಪ್ಪುವುದಿಲ್ಲ. ಅವನು ಹೇಳುತ್ತಿರುವುದು ನರ್ತಕರ ಜೊತೆ ನುಡಿಸುವ ಫ್ರೆಂಚ್ ನೃತ್ಯಸಂಗೀತದ ಬಗ್ಗೆ. ಬಾಖ್‌ನ ಈ ಮಾಲೆಗೆ ಯಾರೂ ಕುಣಿಯಲಿಲ್ಲ. ಉಳಿದಿರುವ ವಾದ್ಯಪತ್ರಿಕೆಗಳು (ಒಂದೊಂದು ವಾದ್ಯಕ್ಕೂ ಬರೆದ ಸ್ವರಲಿಪಿ) ಸುಮಾರು 1738–39ರವು. ಆಗ ಬಾಖ್ ಲೈಪ್‌ಜಿಗ್‌ನಲ್ಲಿದ್ದ. ಅಲ್ಲಿ 1729ರಿಂದ ಅವನು ನಡೆಸಿದ ಕೊಲೇಗಿಯುಂ ಮ್ಯೂಸಿಕುಂ ತಂಡ ವಾರವಾರ ನುಡಿಸುತ್ತಿದ್ದದ್ದು ತ್ಸಿಮ್ಮರ್‌ಮನ್ ಕಾಫಿಗೃಹದಲ್ಲಿ. ಜನ ಕುಳಿತು ಕೇಳುತ್ತಿದ್ದರು. ಕೇಳುವ ಸಂಗೀತಕ್ಕೆ ಕುಣಿಯುವ ಸಂಗೀತದ ವೇಗ ಕಡ್ಡಾಯವಲ್ಲ.

ಮತ್ತೆ ಸಾರಬಾಂಡ್ ವಿಷಯ. ಅಲ್ಲಿ ಮೇಲಿನ ರಾಗವನ್ನು ಒಂದು ಆವರ್ತ ತಡವಾಗಿ, ಐದು ಸ್ವರ ಕೆಳಗೆ, ತಳದ ವಾದ್ಯಗಳು ಅನುಸರಿಸುತ್ತವೆ. ಅಪರೂಪದ ಕುಶಲತೆ. 80ರ ವೇಗದಲ್ಲಿ ಅದನ್ನು ಕೇಳಿಸಿಕೊಳ್ಳುವುದಕ್ಕೆ ಸಮಯವೆಲ್ಲಿ?

ಒಂಟಿಕೀಲಿ ಕೊಳಲು

ಕಾಫಿಗೃಹದ ಮಾತು ಸರಿ, ಅದನ್ನು ಮರೆಯಬಾರದು. ಆದರೆ ಸಾರಬಾಂಡ್‌ನ ಅನುಸರಣೆಯ ವಿಷಯದಲ್ಲಿ ನನ್ನ ಅನುಭವ ಉಲ್ಟಾ. ಮೇಲಿನ ರಾಗ ಒಂದು ಆವರ್ತ ಹಾಡಿ ಮುಂದಕ್ಕೆ ಹೋದಾಗ, ಕೇಳುವವರ ನೆನಪಿನಲ್ಲಿ ಅದು ಇನ್ನೂ ಬೆಚ್ಚಗಿರುವಾಗಲೇ ತಳದಿಂದ ಉತ್ತರ ಬರಬೇಕು. ಅತಿ ನಿಧಾನವಾದರೆ ಒಂದು ಆವರ್ತ ನಾಲ್ಕು ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಕಿವಿ ಮೇಲಿನ ಹೊಸ ಸಾಲಿಗೆ ಅಂಟಿಕೊಂಡಿರುತ್ತದೆ, ತಳದ ಉತ್ತರ ಬರೀ ಆಧಾರಸ್ವರವಾಗಿ ಕೇಳುತ್ತದೆ. 60ರಿಂದ 70ರ ನಡುವೆ ನುಡಿಸಿದಾಗ ಚೆಲ್ಲೋ ನಮ್ಮ ಜೊತೆ ಮಾತನಾಡುತ್ತಿದೆ ಎಂದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಕ್ವಾಂಟ್ಸ್‌ನ 80 ನನಗೂ ಅವಸರವೇ.

ತಂಡದ ಗಾತ್ರವನ್ನೂ ಮರೆಯಬೇಡಿ. ಒಂದೊಂದು ಸಾಲಿಗೆ ಒಬ್ಬೊಬ್ಬರೇ ಇದ್ದರೆ ತಳದ ರಾಗ ತಾನಾಗಿ ಎದ್ದು ಕಾಣುತ್ತದೆ. ಕ್ಲೆಂಪರರ್ ಅವರ ದೊಡ್ಡ ಪಡೆಗೆ ದೊಡ್ಡ ಸಭಾಂಗಣದ ಅನುರಣನ ಸೇರಿದಾಗ ನಿಧಾನ ಅನಿವಾರ್ಯ. ಆ ನಿಧಾನಕ್ಕೆ ಕಾರಣ ಬಿ ಮೈನರ್ ಅಲ್ಲ, ಕೋಣೆ.

ಹಳೆಯ ರೆಕಾರ್ಡು

ಕೋಣೆ ಎಂದು ಅಷ್ಟು ಬೇಗ ತಳ್ಳಿಹಾಕಬೇಡಿ. ದೊಡ್ಡ ಪಡೆಯ ತಂತಿವಾದ್ಯಗಳು ಒಟ್ಟಾಗಿ ಎರಡನೆಯ ಮಾತ್ರೆಯ ಮೇಲೆ ನಿಂತಾಗ ಬರುವ ಘನತೆ ಒಬ್ಬೊಬ್ಬರು ನುಡಿಸಿದರೆ ಬರುವುದಿಲ್ಲ. ಮಹತ್ವಾಕಾಂಕ್ಷೆ ಎಂದು ಮಾಟೆಸನ್ ಹೇಳಿದ್ದಾನಲ್ಲ, ಅದನ್ನು ನಾನು ಕೇಳಿರುವುದು ಆ ಹಳೆಯ ಮುದ್ರಣಗಳಲ್ಲೇ. ಬಾದಿನರಿಯನ್ನು ಬೇಕಾದರೆ ಹೊಸಬರಿಗೆ ಬಿಟ್ಟುಕೊಡುತ್ತೇನೆ, ಸಾರಬಾಂಡ್ ಬಿಡುವುದಿಲ್ಲ.

ಗಣಿತದ ಮೇಷ್ಟ್ರು

ಶ್ರುತಿಯ ಒಂದು ವಿಷಯ ಬಿಟ್ಟುಹೋಗಿದೆ, ಕಚೇರಿ ಕೇಳುಗರಿಗೆ ಇದು ರುಚಿಸಬಹುದು. ಇಂದಿನ ಪಿಯಾನೊದಲ್ಲಿ ಎಲ್ಲ ಅರ್ಧ ಸ್ವರಗಳೂ ಸಮಾನ, ಆದ್ದರಿಂದ ಎಲ್ಲ ಮೈನರ್‌ಗಳೂ ಒಂದೇ ಅಚ್ಚು. ಅಂದಿನ ಹಾರ್ಪ್ಸಿಕಾರ್ಡ್ (ತಂತಿ ಮೀಟುವ ಕೀಲಿಮಣೆ ವಾದ್ಯ) ಹಾಗಿರಲಿಲ್ಲ. ಆಂದ್ರೆಯಾಸ್ ವೆರ್ಕ್‌ಮೈಸ್ಟರ್ 1691ರಲ್ಲಿ ಪ್ರಕಟಿಸಿದ ಶ್ರುತಿವಿಧಾನಗಳಲ್ಲಿ ಹೆಚ್ಚು ಹೆಸರಾದದ್ದನ್ನು ತೆಗೆದುಕೊಳ್ಳಿ. ಅದರಲ್ಲಿ ಸಿ ಮತ್ತು ಇ ನಡುವಿನ ಅಂತರ 390 ಸೆಂಟ್ (ಸಮಾನ ಅರ್ಧ ಸ್ವರದ ನೂರರಲ್ಲಿ ಒಂದು ಪಾಲು ಒಂದು ಸೆಂಟ್). ಶುದ್ಧ ಅಂತರ ಗಾಂಧಾರ 386 ಸೆಂಟ್, ಅದಕ್ಕೆ ತೀರ ಹತ್ತಿರ. ಬಿ ಮೈನರ್‌ನ ಪಂಚಮದ ಮೇಲೆ ನಿಲ್ಲುವ ಸ್ವರಮೇಳದಲ್ಲಿ ಎಫ್ ಶಾರ್ಪ್ ಮತ್ತು ಎ ಶಾರ್ಪ್ ಇವೆ. ಅವುಗಳ ನಡುವಿನ ಅಂತರ ಅದೇ ವಿಧಾನದಲ್ಲಿ 408 ಸೆಂಟ್. ಶುದ್ಧಕ್ಕಿಂತ 22 ಸೆಂಟ್ ಹೆಚ್ಚು, ನಮ್ಮ ಶಾಸ್ತ್ರದ ಪ್ರಮಾಣ ಶ್ರುತಿಯಷ್ಟು. ಎ ಮೈನರ್‌ನಲ್ಲಿ ಅದೇ ಜಾಗದ ಅಂತರ 402.

ಅಂದರೆ ಬಿ ಮೈನರ್‌ನಲ್ಲಿ ಪ್ರತಿ ಬಾರಿ ಪಂಚಮದ ಸ್ವರಮೇಳ ಬಂದಾಗ ಹಾರ್ಪ್ಸಿಕಾರ್ಡ್ ಚುಚ್ಚುತ್ತದೆ, ಷಡ್ಜಕ್ಕೆ ಮರಳಿದಾಗ ಆ ಮುಳ್ಳು ಕಳಚುತ್ತದೆ. ಕೊಳಲು, ಪಿಟೀಲುಗಳು ತಮ್ಮ ಸ್ವರವನ್ನು ಹೊಂದಿಸಿಕೊಳ್ಳಬಲ್ಲವು. ಕ್ವಾಂಟ್ಸ್ ಅಂತೂ ಎ ಶಾರ್ಪ್ ಬಿ ಫ್ಲಾಟ್‌ಗಿಂತ ಕೆಳಗಿರಬೇಕು ಎನ್ನುವ ಪಕ್ಷದವನು. ಕೊಳಲು ಕೆಳಗೆ ಎಳೆಯುತ್ತದೆ, ಹಾರ್ಪ್ಸಿಕಾರ್ಡ್ ಮೇಲೆ ನಿಂತಿರುತ್ತದೆ. ತ್ಸಿಮ್ಮರ್‌ಮನ್ ಕಾಫಿಗೃಹದ ಹಾರ್ಪ್ಸಿಕಾರ್ಡ್ ಇದೇ ವಿಧಾನದಲ್ಲಿ ಶ್ರುತಿಗೊಂಡಿತ್ತು ಎನ್ನಲು ಆಧಾರವಿಲ್ಲ, ಆದರೆ ಅಸಮಾನ ಶ್ರುತಿ ಅಂದಿನ ಸಾಮಾನ್ಯ ರೂಢಿ.

ಕಚೇರಿ ಕೇಳುಗ

ಬಹಳ ರುಚಿಸಿತು. ಇನ್ನು ವೇಗ ಬದಲಾದರೆ ಭಾವ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದೇ ಬಾಖ್‌ನ ಇನ್ನೊಂದು ಉದಾಹರಣೆ ಎಲ್ಲರಿಗೂ ಪರಿಚಿತ. ಮೂರನೆಯ ನೃತ್ಯಮಾಲೆಯ ‘ಏರ್’. ಮೂಲದಲ್ಲಿ ಅದು ಡಿ ಮೇಜರ್‌ನದ್ದು, ಕಹಳೆ ನಗಾರಿಗಳು ಅಲ್ಲಿ ಸುಮ್ಮನಿರುತ್ತವೆ, ತಂತಿವಾದ್ಯಗಳು ಮಾತ್ರ. ಜರ್ಮನ್ ಪಿಟೀಲುವಾದಕ ಆಗಸ್ಟ್ ವಿಲ್ಹೆಲ್ಮಿ 1871ರಲ್ಲಿ ಅದನ್ನು ಸಿ ಮೇಜರ್‌ಗೆ ಇಳಿಸಿ, ಇಡೀ ರಾಗವನ್ನು ಪಿಟೀಲಿನ ದಪ್ಪ ಜಿ ತಂತಿಯೊಂದರಲ್ಲೇ ನುಡಿಸುವಂತೆ ಮಾಡಿದ. ಜಗತ್ತು ಅದನ್ನು ಶೋಕಗೀತೆಯಂತೆ ಕೇಳತೊಡಗಿದ್ದು ಆಮೇಲೆ. ಮೂಲದಲ್ಲಿ ತಳದ ವಾದ್ಯಗಳು ಅರ್ಧ ಮಾತ್ರೆಯ ಸ್ವರಗಳಲ್ಲಿ ಮೇಲೆ ಕೆಳಗೆ ಹೆಜ್ಜೆ ಹಾಕುತ್ತವೆ. ಆ ಹೆಜ್ಜೆಗಳು ನಡೆಯುವ ವೇಗದಲ್ಲಿ ಇದ್ದರೆ ಏರ್ ನೆಮ್ಮದಿಯ ಸಂಗೀತ. ಅವುಗಳನ್ನು ಎಳೆದರೆ ಅಳು. ಕೀ ಎರಡರಲ್ಲೂ ಮೇಜರೇ!

ನಮ್ಮಲ್ಲಿ ಇದನ್ನು ಕಾಲಪ್ರಮಾಣ ಎನ್ನುತ್ತಾರೆ. ಒಂದು ಕೃತಿಗೆ ಅದರದ್ದೇ ಕಾಲಪ್ರಮಾಣ ಇರುತ್ತದೆ, ಅದು ಕೂತರೆ ಸಾಹಿತ್ಯವೂ ರಾಗವೂ ತಾವಾಗಿ ಬಿಚ್ಚಿಕೊಳ್ಳುತ್ತವೆ. ಹೆಜ್ಜೆಗುರುತು ಅವರು ಹೇಳಿದ ನೃತ್ಯದ ಹೆಸರುಗಳು ಯುರೋಪಿನವರಿಗೆ ಕಾಲಪ್ರಮಾಣದ ಸೂಚನೆಯಂತೆ ಕೆಲಸ ಮಾಡಿರಬೇಕು.

ಮಂದ್ರ

ಎಲ್ಲರಿಗೂ ಕೃತಜ್ಞತೆಗಳು. ಒಂದು ಉಪಪ್ರಶ್ನೆ. ಈ ಕೃತಿ ಮೊದಲು ಎ ಮೈನರ್‌ನಲ್ಲಿ ಇತ್ತು ಎಂದು ಎಲ್ಲೋ ಓದಿದೆ. ಒಂಟಿಕೀಲಿ ಅವರ ವಾದದ ಪ್ರಕಾರ ಆಗ ಅದರ ಭಾವವೇ ಬೇರೆ ಇರಬೇಕಲ್ಲವೇ?

ಒಂಟಿಕೀಲಿ ಕೊಳಲು

ಅಮೆರಿಕದ ವಿದ್ವಾಂಸ ಜೋಶುವಾ ರಿಫ್ಕಿನ್ ಹಾಗೆ ವಾದಿಸಿದ್ದಾರೆ: ಮೊದಲ ರೂಪ ಎ ಮೈನರ್‌ನಲ್ಲಿ, ಮುಖ್ಯ ವಾದ್ಯ ಪಿಟೀಲು. ಆಮೇಲೆ ಬಾಖ್ ಕೊಳಲಿಗಾಗಿ ಒಂದು ಸ್ವರ ಮೇಲಕ್ಕೆ ಏರಿಸಿದ. ಅಡ್ಡಕೊಳಲಿನ ಅತ್ಯಂತ ಕೆಳಗಿನ ಸ್ವರ ಡಿ, ಅದರ ಕೆಳಗೆ ಇಳಿಯುವಂತಿಲ್ಲ. ಮೇಲಕ್ಕೆ ಏರಿಸಲು ಅದು ಒಳ್ಳೆಯ ಕಾರಣ. ಮೋನಿಕಾ ಹಗೆಟ್ ಅವರ ಎನ್ಸೆಂಬಲ್ ಸೊನೆರಿ ತಂಡ 2009ರಲ್ಲಿ ಹೊರತಂದ ಮುದ್ರಣದಲ್ಲಿ ಎ ಮೈನರ್ ರೂಪವನ್ನು ಓಬೋ ವಾದ್ಯದಲ್ಲಿ ಕೇಳಬಹುದು. ಬಾದಿನರಿ ಅಲ್ಲಿ ಚುರುಕಾಗಿಯೇ ಇದೆ, ಆದರೆ ದನಿಗೆ ಒಗರು ಹೆಚ್ಚು. ನನಗೆ ಊವರ್ತ್ಯೂರ್ ಓಬೋದಲ್ಲಿ ಹೆಚ್ಚು ಒಪ್ಪುತ್ತದೆ, ಬಾದಿನರಿ ಕೊಳಲಿನಲ್ಲಿ.

ಬಾಖ್ ಯಾವ ಕೊಳಲುವಾದಕನಿಗಾಗಿ ಬರೆದ ಎಂಬುದಕ್ಕೆ ಹಳೆಯ ಊಹೆಯೊಂದಿದೆ: ಡ್ರೆಸ್ಡೆನ್ ಆಸ್ಥಾನದ ಪಿಯರ್ ಗಾಬ್ರಿಯೆಲ್ ಬ್ಯುಫಾರ್ದಾಂ. ಕ್ವಾಂಟ್ಸ್ ಅವನ ಬಳಿ ಕೆಲವು ತಿಂಗಳು ಕಲಿತಿದ್ದ, ತಾವು ನುಡಿಸುತ್ತಿದ್ದದ್ದು ವೇಗದ ರಚನೆಗಳನ್ನೇ, ಗುರುವಿನ ಬಲ ಅದರಲ್ಲೇ ಇತ್ತು ಎಂದು ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. ಊಹೆ ನಿಜವಾದರೆ ಬಾದಿನರಿಯ ವೇಗಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹೆಜ್ಜೆಗುರುತು

ಮಂದ್ರ ಅವರೇ, ಆ್ಯಪ್‌ಗೆ ಇನ್ನೊಂದು ಪರೀಕ್ಷೆ ಕೊಡಿ. ಪೊಲೊನೇಸ್ ಮತ್ತು ಅದರ ಬೆನ್ನಿಗೇ ಬರುವ ಡಬಲ್. ಪೊಲೊನೇಸ್‌ನಲ್ಲಿ ರಾಗ ಮೇಲಿದೆ. ಡಬಲ್‌ನಲ್ಲಿ ಅದೇ ರಾಗ ತಳದ ವಾದ್ಯಗಳಿಗೆ ಇಳಿಯುತ್ತದೆ, ಕೊಳಲು ಒಂಟಿಯಾಗಿ ಅದರ ಮೇಲೆ ಸಣ್ಣ ಸ್ವರಗಳ ಬಳ್ಳಿ ಹಬ್ಬಿಸುತ್ತದೆ. ಕೀ ಅದೇ, ಮಾತ್ರೆ ಅದೇ, ರಾಗವೂ ಅದೇ. ಮೊದಲನೆಯದು ಸಭೆಗೆ ನಡೆದು ಬರುವವರ ಠೀವಿ; ಎರಡನೆಯದನ್ನು ಕೇಳುವಾಗ ಸಭೆ ಖಾಲಿಯಾಗಿ ಒಬ್ಬರೇ ಉಳಿದಂತೆ ನನಗೆ ಅನ್ನಿಸುತ್ತದೆ. ಟ್ರೆವರ್ ಪಿನಕ್ ಅವರ ಇಂಗ್ಲಿಷ್ ಕಾನ್ಸರ್ಟ್ ತಂಡದ ಮುದ್ರಣದಿಂದ ಶುರುಮಾಡಿ, ನಂತರ ರಿಕ್ಟರ್ ಕೇಳಿ. ಎರಡಕ್ಕೂ ಆ್ಯಪ್ ಏನು ಹೇಳಿತು ಎಂದು ಇಲ್ಲಿ ಹಾಕಿ.